ಮೈದಾನಕ್ಕೆ ಬೆನ್ನು ಹಾಕಿ ನಿಂತವಳು

ಇಡೀ ಏಷ್ಯಾ ಖಂಡದಲ್ಲಿ ನನ್ನಷ್ಟು ಸ್ಪಷ್ಟವಾದ ಮುಖ ಇನ್ನೊಬ್ಬರಿಗಿಲ್ಲ. ಇದು ನಾನು ಹೇಳುವ ಮಾತಲ್ಲ, ಜನ ಹೇಳುವುದು. ಜನ ಹೇಳದಿದ್ದಾಗ ಮಾತ್ರ ನಾನು ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಕ್ರಿಕೆಟ್ ಇದ್ದ ದಿನ ಒಳಗೆ ಜಾಗ ಸಿಗದ ನಾನೂರು ಜನ ಕಿಟಕಿಯಾಚೆ ನಿಂತು, ಒಳಗೆ ಕೂತ ನನ್ನ ಮುಖ ನೋಡಿಯೇ ಸ್ಕೋರು ತಿಳಿದುಕೊಳ್ಳುತ್ತಿದ್ದರು. ಹುಬ್ಬು ಏರಿದರೆ ಬೌಂಡರಿ, ಬಾಯಿ ತೆರೆದರೆ ಸಿಕ್ಸರ್, ಕಣ್ಣು ಮುಚ್ಚಿದರೆ ಔಟ್. ನನ್ನ ಹೆಂಡತಿ ವಿಜಯಾ ಇದನ್ನು ಓದಿದರೆ ನಾನೂರನ್ನು ನಾಲ್ಕು ಎಂದು ತಿದ್ದುತ್ತಾಳೆ. ತಿದ್ದಲಿ, ಅವಳಿಗೂ ಹೊತ್ತು ಹೋಗಬೇಕು.

ಆ ಮುಖವನ್ನು ಹೊತ್ತುಕೊಂಡು ಮೂರು ತಿಂಗಳ ಕಂಪನಿ ಕೆಲಸಕ್ಕೆಂದು ಕ್ಯೋಟೋಗೆ ಬಂದ ನಟರಾಜನೆಂಬ ನಾನು ಇಪ್ಪತ್ತಮೂರು ವರ್ಷಗಳಿಂದ ಇಲ್ಲೇ ಇದ್ದೇನೆ. ಮಗಳು ಶರಣ್ಯಾ ಇಲ್ಲೇ ಹುಟ್ಟಿದಳು, ಇಲ್ಲಿನ ಕಮೋ ಯೂನಿವರ್ಸಿಟಿ ಸೇರಿದಳು, ಸೇರಿದ ವಾರವೇ ಓಯೆಂದಾನ್‌ಗೆ ಹೆಸರು ಕೊಟ್ಟಳು. ಓಯೆಂದಾನ್ ಎಂದರೆ ಕಾಲೇಜಿನ ತಂಡ ಆಡುವಾಗ ಕಪ್ಪು ಕೋಟು, ಬಿಳಿ ಕೈಗವಸು ತೊಟ್ಟು, ಡೋಲು ಬಾರಿಸಿ, ಸ್ಟ್ಯಾಂಡಿನಲ್ಲಿ ಕೂತ ಅಭಿಮಾನಿಗಳಿಂದ ಕೂಗು ಹೊರಡಿಸುವ ದಳ. ನಾಲ್ಕನೆಯ ವರ್ಷದಲ್ಲಿ ಅವಳು ಅದರ ದಾಂಚೋ, ಅಂದರೆ ನಾಯಕಿಯಾದಳು. ದಳದ ತೊಂಬತ್ತು ವರ್ಷದ ಚರಿತ್ರೆಯಲ್ಲಿ ಮೊದಲ ಹೆಣ್ಣು ದಾಂಚೋ. ಈ ಒಂದು ವಿಷಯದಲ್ಲಿ ಮಾತ್ರ ನಾನು ಒಂದು ಸೊನ್ನೆಯನ್ನೂ ಸೇರಿಸಿಲ್ಲ, ಸೇರಿಸುವ ಅಗತ್ಯ ಬರಲಿಲ್ಲ.

ಈ ದಳಕ್ಕೆ ಒಂದು ನಿಯಮವಿದೆ. ಅವರು ಆಟದುದ್ದಕ್ಕೂ ಅಭಿಮಾನಿಗಳ ಕಡೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಹಿಂದಿರುಗಿ ನೋಡುವಂತಿಲ್ಲ. ನಾಲ್ಕು ವರ್ಷ ಗಂಟಲು ಹರಿದುಕೊಂಡು ಕೂಗಿದರೂ ನನ್ನ ಮಗಳು ಒಂದೇ ಒಂದು ಆಟವನ್ನು ಕಣ್ಣಾರೆ ನೋಡಿದವಳಲ್ಲ. ಮೈದಾನದಲ್ಲಿ ಏನಾಯಿತೆಂದು ಸನ್ನೆ ಮಾಡಲು ಒಬ್ಬ ಜೂನಿಯರ್ ಇರುತ್ತಾನೆ. ಆದರೆ ಅವನು ಹತ್ತು ಸಲ ಯೋಚಿಸಿ ಕೈ ಎತ್ತುವ ಸಮಾಧಾನದ ಪ್ರಾಣಿ. ನನ್ನ ಮುಖ ಅವನಿಗಿಂತ ಮೂರು ಸೆಕೆಂಡು ಮುಂದೆ ಓಡುತ್ತದೆ. ಹಾಗಾಗಿ ಮೊದಲ ವರ್ಷದಲ್ಲೇ ಅವಳು ನನಗೆ ಮುಂದಿನ ಸಾಲಿನ ನಡುವಿನ ಸೀಟು ಗೊತ್ತು ಮಾಡಿದಳು. ನನ್ನ ಮುಖವೇ ಅವಳ ಸ್ಕೋರ್‌ಬೋರ್ಡು. ಮುಖದಲ್ಲಿ ಹಿಡಿಸದೆ ಉಳಿದದ್ದನ್ನು ಆಟ ಮುಗಿದು ಮನೆಗೆ ಬರುವ ದಾರಿಯಲ್ಲಿ ಬಣ್ಣಿಸಿ ಹೇಳುತ್ತಿದ್ದೆ. ಕಿಟಕಿಯಾಚೆಯ ನಾನೂರು ಜನರಿಗಿಂತ ಈ ಒಬ್ಬಳು ಪ್ರೇಕ್ಷಕಿ ನನಗೆ ದೊಡ್ಡವಳಾಗಿದ್ದಳು.

ಆಟ ಅಮೆರಿಕನ್ ಫುಟ್‌ಬಾಲ್. ಚೆಂಡು ಸುಲಿದ ತೆಂಗಿನಕಾಯಿಯ ಆಕಾರದ್ದು. ಆಡುವವರು ಒಬ್ಬೊಬ್ಬರೂ ನಮ್ಮ ದಸರಾ ಆನೆಗೆ ಡಿಕ್ಕಿ ಹೊಡೆದು ಆನೆಯೇ ಸುಮಿಮಾಸೆನ್, ಕ್ಷಮಿಸಿ ಎನ್ನುವಂತೆ ಮಾಡುವ ಗಾತ್ರದವರು. ಎರಡು ಎತ್ತರದ ಕಂಬಗಳ ನಡುವೆ ಚೆಂಡನ್ನು ಒದ್ದರೆ ಮೂರು ಪಾಯಿಂಟ್. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಹಗೆ ಕೋಬೆ ಕಡೆಯ ರೊಕ್ಕೊ ಯೂನಿವರ್ಸಿಟಿ. ರಾಮನ ವನವಾಸ ಹದಿನಾಲ್ಕು ವರ್ಷಕ್ಕೆ ಮುಗಿಯಿತು. ಕಮೋ ತಂಡ ರೊಕ್ಕೊವನ್ನು ಸೋಲಿಸಿ ಹತ್ತೊಂಬತ್ತು ವರ್ಷವಾಗಿತ್ತು.

ಕಳೆದ ನವೆಂಬರಿನ ಆ ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಸ್ಕೋರು ಹದಿನೇಳಕ್ಕೆ ಹದಿನೈದು, ನಾವು ಎರಡು ಹಿಂದೆ, ಉಳಿದಿದ್ದು ನಾಲ್ಕು ಸೆಕೆಂಡು. ಮೊರಿತಾ ಎಂಬ ಹುಡುಗ ಮೂವತ್ತೆಂಟು ಗಜದಿಂದ ಒದೆಯಬೇಕು. ಬದನೆಕಾಯಿ ಬಣ್ಣದ ಅಂಗಿ ತೊಟ್ಟ ನಾವೆಲ್ಲ ಅಂದು ಕಂಬಗಳ ಹಿಂದೆಯೇ ಇದ್ದೆವು. ಚೆಂಡು ನೇರ ನಮ್ಮ ಕಡೆಗೇ ಬರಬೇಕಾಗಿತ್ತು. ಶರಣ್ಯಾ ಬಲಗೈಯನ್ನು ಮೇಲೆತ್ತಿ ನಿಂತಿದ್ದಳು. ಆ ಕೈ ಕೆಳಗಿಳಿದರೆ ಡೋಲು ಮೊಳಗುತ್ತದೆ, ಕಹಳೆಗಳು ಗೆಲುವಿನ ಹಾಡು ಶುರುಮಾಡುತ್ತವೆ. ಹತ್ತೊಂಬತ್ತು ವರ್ಷದಿಂದ ರೊಕ್ಕೊ ಎದುರು ನುಡಿಸದ ಹಾಡು. ಅವಳ ಎರಡು ಕಣ್ಣೂ ನನ್ನ ಮುಖದ ಮೇಲಿದ್ದವು.

ಮೊರಿತಾ ಒದ್ದ. ನಾನು ಎರಡೂ ಕೈ ಎತ್ತಿ ಸೀಟಿನ ಮೇಲೆ ಹಾರಿ ನಿಂತೆ. ಶರಣ್ಯಾಳ ಕೈ ಕೆಳಗಿಳಿಯಿತು. ಡೋಲು ಗುಡುಗಿತು, ಕಹಳೆಗಳು ಎದ್ದವು.

ಒದೆಯುವವನಿಗೆ ಒಂದು ಅಭ್ಯಾಸ ಕಲಿಸಿರುತ್ತಾರೆ. ಒದ್ದ ಮೇಲೂ ತಲೆ ಎತ್ತಬಾರದು. ಮೊರಿತಾ ತಲೆ ತಗ್ಗಿಸಿಯೇ ಇದ್ದ. ಹಾಡು ಕಿವಿಗೆ ಬಿದ್ದ ಮೇಲೆ ತಲೆ ಎತ್ತಿದ, ನಮ್ಮ ಸ್ಟ್ಯಾಂಡು ಕುಣಿಯುವುದನ್ನು ಕಂಡ, ಎರಡೂ ಕೈ ಆಕಾಶಕ್ಕೆತ್ತಿ ಓಡತೊಡಗಿದ. ಅಷ್ಟರಲ್ಲಿ ಕಂಬದ ಬುಡದಲ್ಲಿದ್ದ ಇಬ್ಬರು ಅಂಪೈರುಗಳು ಇಲ್ಲ ಎಂದು ಕೈ ಬೀಸಿದ್ದರು. ಚೆಂಡು ಹೊರಗೆ ಹೋಗಿತ್ತು. ನಮ್ಮ ಹಾಡಿನ ಎರಡು ಸಾಲು ಮುಗಿದು, ಒಂದೊಂದೇ ಕಹಳೆ ನಿಲ್ಲುತ್ತ ಬಂತು. ಕೊನೆಯವನೊಬ್ಬ ಕಣ್ಣು ಮುಚ್ಚಿ ಊದುತ್ತಿದ್ದವನು, ಪಕ್ಕದವನು ಭುಜ ಮುಟ್ಟುವವರೆಗೂ ಊದಿದ. ಎದುರಿನ ಸ್ಟ್ಯಾಂಡಿನ ನೀಲಿ ಅಂಗಿಯ ರೊಕ್ಕೊ ಜನ ನಗಲೂ ಇಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಮೇಲಿನದು ಇಲ್ಲಿನ ಪದ್ಧತಿ. ಸೋತ ತಂಡ ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತು ಅಭಿಮಾನಿಗಳಿಗೆ ತಲೆಬಾಗಿತು. ಶರಣ್ಯಾ ಅವರಿಗಿಂತ ಕೆಳಗೆ ಬಾಗಿ, ನಮ್ಮ ಕೂಗು ಸಾಲಲಿಲ್ಲ, ತಪ್ಪು ಸಂಜ್ಞೆ ಕೊಟ್ಟವಳು ನಾನು, ಕ್ಷಮಿಸಿ ಎಂದಳು. ನಂತರ ಗೆದ್ದವರಿಗೆ ಜಯಕಾರ ಹಾಕುವುದೂ ಸೋತ ನಾಯಕಿಯ ಕೆಲಸವೇ. ಅವಳು ರೊಕ್ಕೊ ಕಡೆ ತಿರುಗಿ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಅವರ ಹೆಸರನ್ನು ಮೂರು ಸಲ ಕೂಗಿದಳು. ಮೂರನೆಯದರಲ್ಲಿ ಸ್ವರ ಬರಲಿಲ್ಲ, ಬರೀ ಉಸಿರು ಬಂತು. ನಾನು ಪ್ಲಾಸ್ಟಿಕ್ ಚೀಲ ಹಿಡಿದು ಸೀಟುಗಳ ಅಡಿಯ ಕಸ ಆರಿಸುತ್ತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಮೈಸೂರಾಗಿದ್ದರೆ ಯಾರಾದರೂ ಪುಣ್ಯಾತ್ಮ ಕಾಲರ್ ಹಿಡಿದಿರುತ್ತಿದ್ದ.

ಆ ವಾರ ಕೈ ಎತ್ತಿ ಓಡುವ ಮೊರಿತಾನ ವಿಡಿಯೋ ಜಪಾನೆಲ್ಲ ತಿರುಗಿತು. ಹತ್ತು ಕೋಟಿ ಜನ ನೋಡಿದರು ಎನ್ನಬೇಕೆನಿಸುತ್ತದೆ; ಶರಣ್ಯಾ ಹೇಳಿದ್ದು ಅರವತ್ತು ಸಾವಿರ. ಅವನು ಕ್ಲಾಸಿಗೂ ಹೋಗಲಿಲ್ಲವಂತೆ. ಇವಳು ದಿನಾ ಬೆಳಿಗ್ಗೆ ಸೈಕಲ್ ಹೊಡೆದುಕೊಂಡು ಹೋಗಿ ತಂಡದ ಕೋಣೆಯ ಬಾಗಿಲಲ್ಲಿ ತಲೆಬಾಗಿ ನಿಂತು ಬರುತ್ತಿದ್ದಳು. ದಳದ ಹಳೆಯ ವಿದ್ಯಾರ್ಥಿಯೊಬ್ಬರು ಬಹಳ ಮರ್ಯಾದೆಯಿಂದ, ಹೆಣ್ಣುಮಗಳಿಗೆ ಈ ಭಾರ ಹೆಚ್ಚಾಯಿತೇನೋ ಎಂದಿದ್ದರಂತೆ. ಅದನ್ನು ಹೇಳುವಾಗ ಅವಳು ಅಳಲಿಲ್ಲ. ವಿಜಯಾ ಮಾಡಿಟ್ಟ ಸಾರನ್ನ ಮುಟ್ಟಲಿಲ್ಲ, ಅಷ್ಟೆ. ಅವಳ ಲೆಕ್ಕದಲ್ಲಿ ಅಪ್ಪ ಆತುರಪಟ್ಟ, ಗಾಳಿ ಚೆಂಡನ್ನು ಆಚೆ ತಳ್ಳಿ ಮೋಸ ಮಾಡಿತು, ಅದನ್ನು ನಂಬಿದ ತಪ್ಪು ತನ್ನದು. ನಾನೂ ವಿಜಯಾಗೆ, ಆಫೀಸಿನ ಜನರಿಗೆ, ಎಲ್ಲರಿಗೂ ಗಾಳಿಯ ಕಥೆಯನ್ನೇ ಹೇಳುತ್ತಿದ್ದೆ. ಗುರುವಾರದ ಹೊತ್ತಿಗೆ ಆ ಗಾಳಿ ಚಂಡಮಾರುತವಾಗಿತ್ತು.

ಶನಿವಾರ ಮಧ್ಯಾಹ್ನ ಜನ್ನೆನ್‌ಕಾಯ್ ಇತ್ತು. ಸೋತವರೆಲ್ಲ ಸೇರಿ ಉಂಡು ಕುಡಿದು ದುಃಖ ಕಳೆದುಕೊಳ್ಳುವ ಕೂಟ. ಕಾಲೇಜಿನ ಹಿಂದಿನ ಹೋಟೆಲಿನ ಮಹಡಿಯಲ್ಲಿ ಚಾಪೆ ಹಾಸಿದ ಕೋಣೆ, ಐವತ್ತು ಅಭಿಮಾನಿಗಳು, ತಂಡದ ನಾಲ್ಕನೆಯ ವರ್ಷದ ಹುಡುಗರು. ಅವರಿಗೆಲ್ಲ ಆ ಭಾನುವಾರದ್ದೇ ಕೊನೆಯ ಆಟವಾಗಿತ್ತು. ಬಸ್ಸಿನಲ್ಲಿ ಬರುವಾಗ ಶರಣ್ಯಾ ಕಿಟಕಿ ನೋಡುತ್ತಲೇ ಹೇಳಿದ್ದಳು:

"ಅಪ್ಪ, ಅಲ್ಲಿ ಏನೂ ಹೇಳ್ಬೇಡಿ, ಪ್ಲೀಸ್. ಸಿಗ್ನಲ್ ಕೊಟ್ಟಿದ್ದು ನಾನು. ದಾಂಚೋ ಆದವ್ಳು ಸ್ಟ್ಯಾಂಡಲ್ಲಿರೋರ ಕಡೆ ಬೆರಳು ತೋರ್ಸಲ್ಲ."

ಮೊರಿತಾ ಮೂಲೆಯಲ್ಲಿ ಮೊಣಕಾಲು ಮಡಚಿ ಕೂತಿದ್ದ. ಪ್ರತಿಯೊಬ್ಬರೂ ಹೋಗಿ ಅವನ ಲೋಟಕ್ಕೆ ಬಿಯರ್ ಸುರಿದು, ಓಶೀ, ಸ್ವಲ್ಪದರಲ್ಲಿ ತಪ್ಪಿತು ಎಂದು ಬರುತ್ತಿದ್ದರು. ಮೊದಲನೆಯವರು ಚೆಂಡು ಒಂದು ಮೀಟರ್ ಆಚೆ ಹೋಯಿತೆಂದರು. ಎರಡನೆಯವರು ಒಂದು ಗೇಣು ಎಂದರು. ಮೂರನೆಯ ಸುತ್ತಿಗೆ ಚೆಂಡು ಕಂಬವನ್ನು ಸವರಿಕೊಂಡು ಹೋಗಿತ್ತು, ಬಣ್ಣ ಕೂಡ ಹತ್ತಿತ್ತು. ಕಥೆ ಹಿಗ್ಗಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ದೇಶದಲ್ಲಿಲ್ಲ ಎಂದುಕೊಂಡಿದ್ದೆ. ಕುಗ್ಗಿಸುವುದರಲ್ಲಿ ಇವರು ನನ್ನ ಗುರುಗಳು.

ಆಗ ಮೊರಿತಾ ಬಾಟಲಿ ಹಿಡಿದು ಎದ್ದು, ಸಾಲು ದಾಟಿ, ನನ್ನ ಮುಂದೆ ಬಂದು ಮಂಡಿಯೂರಿದ. ನನ್ನ ಲೋಟ ತುಂಬಿಸಿದ. ತಾನು ವಿಡಿಯೋ ನೋಡಿಲ್ಲ, ನೋಡಲು ಧೈರ್ಯವಿಲ್ಲ ಎಂದ. ಆಮೇಲೆ ನನ್ನನ್ನು ಅಪ್ಪ ಎಂದೇ ಕರೆದು ಕೇಳಿದ:

"ಓತೋಸಾನ್, ನೀವು ನಡುವಿನ ಸೀಟಿನಲ್ಲಿ ಇದ್ದಿರಿ. ಎಷ್ಟು ಆಚೆ ಹೋಯಿತು?"

ಎಲ್ಲರೂ ನನ್ನ ಕಡೆ ತಿರುಗಿದರು. ನಟರಾಜ-ಸಾನ್ ಈಗ ಏನೋ ಒಂದು ಅದ್ಭುತ ಹೇಳುತ್ತಾರೆ, ಹುಡುಗ ಒಮ್ಮೆ ನಗುತ್ತಾನೆ ಎಂಬ ಆಸೆ ಅವರ ಮುಖದಲ್ಲಿತ್ತು. ಎದುರಿನ ಸಾಲಿನಲ್ಲಿ ಶರಣ್ಯಾ ತಲೆಯನ್ನು ಸಣ್ಣಗೆ ಅಲ್ಲಾಡಿಸಿದಳು. ಬೇಡ ಎಂದು.

ನನ್ನ ಬಾಯಲ್ಲಿ ಕೂದಲೆಳೆ ಎಂಬ ಮಾತು ಸಿದ್ಧವಾಗಿ ಕೂತಿತ್ತು. ಹೊರಗೆ ಬಂದದ್ದು ಬೇರೆ.

"ಎರಡು ಮೀಟರ್. ಅದಕ್ಕಿಂತ ಹೆಚ್ಚೇ ಇರಬಹುದು. ಕಾಲು ಬಿಟ್ಟ ಕೂಡಲೇ ಸೊಟ್ಟಗೆ ಹೊರಟಿತು. ನನಗೆ ಕಂಡಿತು. ಕಂಡ ಮೇಲೆ ನಾನು ಹಾರಿದೆ."

ನಾನು ನನ್ನ ಮುರುಕು ಜಪಾನೀಸಿನಲ್ಲಿ ಉಳಿದದ್ದನ್ನು ಹೇಳಿದೆ. ನಿಮ್ಮ ದಾಂಚೋ ನನ್ನ ಮುಖ ನೋಡಿಯೇ ಆಟ ತಿಳಿಯುವವಳು. ಅವಳು ಹಾಗೆ ಕೈ ಎತ್ತಿ ನಿಂತಿದ್ದಾಗ, ಸೋತೆವೆಂಬ ಮುಖವನ್ನು ಅವಳಿಗೆ ತೋರಿಸಲು ನನ್ನಿಂದ ಆಗಲಿಲ್ಲ. ಗಾಳಿ ಇರಲಿಲ್ಲ. ಹಾರಿದರೆ ಚೆಂಡು ಒಳಗೆ ಬಂದೀತೆಂದು, ಐವತ್ತೆರಡು ವರ್ಷದ ನಾನು, ಒಂದು ಕ್ಷಣ ನಿಜವಾಗಿ ನಂಬಿದೆ. ಇಷ್ಟು ವರ್ಷ ನಾನು ದೊಡ್ಡದಾಗಿ ಹೇಳಿದ್ದೆಲ್ಲ ಹೇಗೋ ನಡೆದುಕೊಂಡು ಬಂದಿತ್ತು.

ಮೊರಿತಾ ಬಾಟಲಿಯನ್ನು ಚಾಪೆಯ ಮೇಲಿಟ್ಟ. ಎರಡು ಮೀಟರ್ ಎಂದು ತನಗೆ ತಾನೇ ಹೇಳಿಕೊಂಡ. ಕಾಲಿಗೆ ಆಗಲೇ ಗೊತ್ತಾಗಿತ್ತು ಎಂದ. ಆದರೆ ಹಾಡು ಕೇಳಿಸಿತಲ್ಲ, ಕಾಲೇ ಸುಳ್ಳು ಹೇಳುತ್ತಿದೆ ಎಂದುಕೊಂಡನಂತೆ.

"ಆ ಮೂರು ಸೆಕೆಂಡು ಚೆನ್ನಾಗಿತ್ತು," ಎಂದ. "ಮರೆಯೋಕೆ ಆಗದೇ ಇರೋದು ಅದೇ."

ಅವನು ತಲೆಬಾಗಿ ತನ್ನ ಮೂಲೆಗೆ ಹೋದ. ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಹೆಣ್ಣುಮಗಳಿಗೆ ಭಾರ ಎಂದಿದ್ದ ಆ ಹಿರಿಯರು ಎದ್ದು ಶರಣ್ಯಾಳ ಮುಂದೆ ಬಾಗಿದರು. ಅವಳು ಅವರಿಗೆ ಬಾಗಿ, ಎಲ್ಲರಿಗೂ ಬಾಗಿ, ಶೂ ಹಾಕಿಕೊಂಡು ಹೊರಗೆ ನಡೆದಳು.

ಬಸ್ ಸ್ಟಾಪಿನಲ್ಲಿ ಅವಳು ನಿಲ್ಲಲಿಲ್ಲ. ಹೊಳೆಯ ದಂಡೆಯ ದಾರಿ ಹಿಡಿದಳು. ಹತ್ತು ಹೆಜ್ಜೆ ಹಿಂದೆ ನಾನು. ಎರಡನೆಯ ಸೇತುವೆ ದಾಟಿದೆವು. ಆಮೇಲೆ ತಿರುಗಿ ನೋಡದೆಯೇ ಕೇಳಿದಳು:

"ಅಪ್ಪ, ನಾಲ್ಕು ವರ್ಷ ನಾನು ನಿಮ್ಮ ಮುಖದಲ್ಲೇ ಆಟ ನೋಡ್ದೆ. ಹಾಗಾದ್ರೆ ನಾನು ಏನು ನೋಡ್ದೆ?"

ಅವಳು ನಿಂತಳು, ನಾನು ಹತ್ತಿರ ಬರುವವರೆಗೆ ಕಾದಳು. ಕಣ್ಣು ಕೆಂಪಾಗಿತ್ತು.

"ಫಸ್ಟ್ ಇಯರ್, ಒಸಾಕಾದಲ್ಲಿ. ತನಾಬೆ ಐದು ಜನರನ್ನ ಬೀಳಿಸ್ಕೊಂಡು ಓಡಿದ್ನಲ್ಲ. ನಿಜವಾ?"

"ಇಬ್ಬರನ್ನು," ಎಂದೆ. "ಮೂರನೆಯವನು ತಾನೇ ಜಾರಿ ಬಿದ್ದ."

"ಅದೇ ವರ್ಷ, ಮಳೇಲಿ. ಚೆಂಡು ಸ್ಟೇಡಿಯಂ ಆಚೆ ಹೋಯ್ತು ಅಂದ್ರಿ."

"ಬೇಲಿಯವರೆಗೆ ಹೋಯಿತು."

ಅವಳು ತಲೆಯಾಡಿಸಿದಳು. ಮತ್ತೆ ನಡೆಯತೊಡಗಿದೆವು, ಈ ಸಲ ಪಕ್ಕಪಕ್ಕದಲ್ಲಿ. ಒಂದೊಂದು ಆಟವನ್ನೂ ಹೆಸರು ಹಿಡಿದು ಕೇಳಿದಳು. ಒಂದೊಂದಕ್ಕೂ ನಾನು ಅದರ ಅಳತೆ ಹೇಳಿದೆ. ಅವಳು ನಾಲ್ಕು ವರ್ಷ ಕಾಪಾಡಿಕೊಂಡು ಬಂದಿದ್ದ ಆಟಗಳು ನನ್ನ ಬಾಯಲ್ಲಿ ಚಿಕ್ಕವಾಗುತ್ತಿದ್ದವು. ಪ್ರತಿ ಉತ್ತರಕ್ಕೂ ಅವಳು ಹೆಜ್ಜೆ ನಿಧಾನ ಮಾಡುತ್ತಿದ್ದಳು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ಹಾಗೆ. ಎಲ್ಲೂ ಬೇಡ ಸಾಕು ಎನ್ನಲಿಲ್ಲ.

ಮನೆಯ ತಿರುವು ಬಂತು. ಮೂರನೆಯ ವರ್ಷದ ಆಟಗಳು ಇನ್ನೂ ಬಾಕಿ ಇದ್ದವು. ಅವಳು ತಿರುವನ್ನು ಬಿಟ್ಟು ನೇರ ನಡೆದಳು, ನಾನೂ ನಡೆದೆ.