ಬೈಸಿಕೊಂಡು ಕಲಿತ ಇಂಗ್ಲಿಷ್

“ಫೋನಲ್ಲಿ ಮಾತಾಡಿದ್ದು ನೀನಾ?” ಪ್ರಿನ್ಸಿಪಾಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಆ ದನಿ ಕೇಳಿ ಯಾರೋ ದೊರೆ ಬರ್ತಾನೆ ಅಂದ್ಕೊಂಡಿದ್ದೆ. ಈ ಮುಖ ಇಟ್ಕೊಂಡು ಇಂಗ್ಲಿಷ್ ಕಲಿಸೋಕೆ ಬಂದ್ಯಾ? ಇವರೆಲ್ಲ ಫೀಸು ವಾಪಸ್ ಕೇಳ್ತಾರಷ್ಟೆ!”

ಇವರೆಲ್ಲ ಎಂದರೆ ತರಗತಿಯಲ್ಲಿ ಕೂತಿದ್ದ ಹನ್ನೊಂದು ಮಂದಿ. ಹನ್ನೊಂದೂ ಮಂದಿ ನಕ್ಕರು. ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದ ದರ್ಜಿ ಹೆಂಗಸಂತೂ ನಗುವ ಮುಂಚೆ ನನ್ನ ಮುಖವನ್ನು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು.

ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ಬಂದ ಸಿಟ್ಟು ಮಾತ್ರ ಅಪ್ಪಟ ಕನ್ನಡದ್ದು. ಅದನ್ನು ಹಲ್ಲು ಕಚ್ಚಿ ನುಂಗಿದೆ. ಪರದೇಶದಲ್ಲಿ ನಾನು ಉಳಿಯಲು ಇನ್ನು ಎಂಟೇ ದಿನ ಇತ್ತು. ಅಷ್ಟರೊಳಗೆ ಕೆಲಸ ಕೊಡುವವನೊಬ್ಬ ಪರ್ಮಿಟ್ ಕಾಗದಕ್ಕೆ ಸಹಿ ಹಾಕಬೇಕು. ಒಂದೋ ಈ ಪ್ರಿನ್ಸಿಪಾಲ, ಇಲ್ಲವೇ ಭಾವ ದುಡಿಯುವ ಮೀನಿನ ಕೋಲ್ಡ್ ಸ್ಟೋರೇಜಿನ ಮಾಲೀಕ.

“ಒಂಬತ್ತನೇ ಕ್ಲಾಸಲ್ಲೇ ಶಾಲೆಗೆ ಕೈಮುಗಿದು ಬಂದವನು ಮೇಷ್ಟ್ರಾಗ್ತಾನಂತೆ!” ಬೆಳಿಗ್ಗೆ ಭಾವ ಗೇಲಿ ಮಾಡಿದ್ದ. “ಸೋಮವಾರ ಬಂದು ಮೀನಿನ ಪೆಟ್ಟಿಗೆ ಹೊರು ಮಾರಾಯ. ಮೀನು ನಿನ್ನ ಸರ್ಟಿಫಿಕೇಟ್ ಕೇಳಲ್ಲ.”

“ನೀವು ಸುಮ್ನಿರ್ರೀ,” ಎಂದಿದ್ದಳು ಅಕ್ಕ. “ನನ್ನ ತಮ್ಮ ಮೇಷ್ಟ್ರು ಅಂತ ಬಿಲ್ಡಿಂಗಿಗೆಲ್ಲ ಹೇಳಾಗಿದೆ.”

ಗೇಲಿ ಮಾಡಿದ ಭಾವನೇ ತನ್ನ ಕರಿ ಬೂಟು ಬಿಚ್ಚಿ ಕೊಟ್ಟ. ನನ್ನ ಕಾಲಿಗಿಂತ ಎರಡು ಸೈಜು ದೊಡ್ಡದು. ಅಕ್ಕ ಅದರ ಮೂತಿಗೆ ಪೇಪರು ತುರುಕಿ ನನ್ನನ್ನು ಕಳಿಸಿದ್ದಳು.

ಪ್ರಿನ್ಸಿಪಾಲ ಗಡಿಯಾರ ನೋಡಿದ. ಒಂಬತ್ತಕ್ಕೆ ಬರಬೇಕಾದ ಮೇಷ್ಟ್ರು ಒಂಬತ್ತೂವರೆಯಾದರೂ ಪತ್ತೆಯಿಲ್ಲ. ಆ ಮೇಷ್ಟ್ರ ಫೋಟೋ ಕೆಳಗೆ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ಆಳೆತ್ತರಕ್ಕಿತ್ತು: ಚಿನ್ನದ ಬಣ್ಣದ ಕೂದಲು, ಮೂವತ್ತೆರಡೂ ಹಲ್ಲು. ಮೊದಲು ಈಜುಕೊಳದಲ್ಲಿ ಕಾವಲಿಗಿದ್ದನಂತೆ. ಇಂಗ್ಲಿಷ್ ಅವನ ತಾಯಿ ಹಾಲಿನ ಜೊತೆ ಕುಡಿಸಿದ್ದು, ಅದೇ ಅವನ ಡಿಗ್ರಿ. ಮನಸ್ಸಿನಲ್ಲೇ ಅವನಿಗೆ ಬೋರ್ಡು ಎಂದು ಹೆಸರಿಟ್ಟೆ.

“ಹೇಗೂ ಬಂದಿದ್ದೀಯ. ಅವನು ಬರೋವರೆಗೆ ಇವರನ್ನ ಗಲಾಟೆ ಮಾಡದ ಹಾಗೆ ನೋಡ್ಕೋ,” ಎಂದು ಪ್ರಿನ್ಸಿಪಾಲ ಹೊರಟ.

ನಾನು ಸೀಮೆಸುಣ್ಣ ಎತ್ತಿಕೊಂಡೆ. ಏನು ಕಲಿಸುವುದು? ನನ್ನ ಇಂಗ್ಲಿಷ್ ಪುಸ್ತಕದಿಂದ ಬಂದದ್ದಲ್ಲ. ಆರು ವರ್ಷ ವಾಷಿಂಗ್ ಮೆಷಿನ್ ಕಂಪನಿಯೊಂದರ ದೂರಿನ ಫೋನಿಗೆ ಕೂತಿದ್ದೆ. ಊರೂರಿನವರು ದಿನಕ್ಕೆ ಎಂಟು ಗಂಟೆ ಇಂಗ್ಲಿಷಿನಲ್ಲಿ ನನ್ನ ಜನ್ಮ ಜಾಲಾಡುತ್ತಿದ್ದರು. ಕೂಗಾಡುವವರಿಗೆ ನಾವು ಹೆದರುತ್ತಿರಲಿಲ್ಲ, ಫೋನನ್ನು ಮೇಜಿನ ಮೇಲಿಟ್ಟು ಟೀ ಕುಡಿಯುತ್ತಿದ್ದೆವು. ನಮ್ಮ ಬೆವರಿಳಿಸುತ್ತಿದ್ದದ್ದು ಮೂರೇ ವಾಕ್ಯ, ಅದೂ ತಣ್ಣಗಿನ ದನಿಯಲ್ಲಿ. ಅವನ್ನೇ ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ.

ನಿಮ್ಮ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.
ಯಾವಾಗ ಸರಿಮಾಡುತ್ತೀರಿ? ದಿನ ಹೇಳಿ, ಗಂಟೆ ಹೇಳಿ.
ಉತ್ತರ ಸಿಗುವವರೆಗೂ ನಾನು ಇಲ್ಲಿಂದ ಕದಲುವುದಿಲ್ಲ.

“ನಾನು ನಿಮ್ಮ ಮನೆ ಮಾಲೀಕ. ಯಾರಿಗೆ ಏನು ತೊಂದರೆ?” ಎಂದು ತರಗತಿಯತ್ತ ತಿರುಗಿದೆ.

ದರ್ಜಿ ಹೆಂಗಸು ಎದ್ದಳು. “ಸಾರ್, ದಯವಿಟ್ಟು ಸಾರ್, ಕೊಳಾಯಿ ಸ್ವಲ್ಪ...”

“ಹಾಗಂದ್ರೆ ಕೊಳಾಯಿನೂ ಕೇಳಲ್ಲ, ಕೂತ್ಕೋ!”

“ಮೂರು ತಿಂಗಳಿಂದ ಸೋರ್ತಿದೆ ಸಾರ್.”

“ಸೋರ್ಲಿ, ನಂಗೇನು? ಬಕೆಟ್ ಇಟ್ಕೋ!”

ಅವಳ ಮೂಗು ಕೆಂಪಾಯಿತು. ನಿಜವಾದ ಮಾಲೀಕನೂ ಅದನ್ನೇ ಅಂದಿದ್ದನೋ ಏನೋ. ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕುತ್ತಿಗೆಯ ಅಳತೆ ತೆಗೆಯುವಂತೆ ನೋಡಿ ಹೇಳಿದಳು: “ನಿಮ್ಮ ಹೆಸರು ಹೇಳಿ. ಬರ್ಕೋತೀನಿ.”

ದೇವರಾಣೆ, ನನ್ನ ಬಾಯಿ ಒಣಗಿತು. ಹಳೇ ಅಭ್ಯಾಸ.

ಆಮೇಲೆ ಯಾರೂ ಸುಮ್ಮನೆ ಕೂರಲಿಲ್ಲ. ಟ್ಯಾಕ್ಸಿ ಡ್ರೈವರೊಬ್ಬ ತನ್ನ ಗ್ಯಾರೇಜಿನವನನ್ನು ನೆನೆದು ಮೂರನೆಯ ವಾಕ್ಯವನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಪಕ್ಕದವನು ಜಾಗ ಬಿಟ್ಟು ಎದ್ದ. ಸದ್ದು ಕೇಳಿ ಪ್ರಿನ್ಸಿಪಾಲ ಬಾಗಿಲಲ್ಲಿ ಪ್ರತ್ಯಕ್ಷನಾದ.

“ಏನಿದು ಸಂತೆ?”

ದರ್ಜಿ ಹೆಂಗಸು ಅವನತ್ತ ತಿರುಗಿದಳು. ಬೆರಳು ಮೇಲಕ್ಕೆ ತೋರಿಸಿದಳು. “ಈ ಫ್ಯಾನು ಎರಡು ತಿಂಗಳಿಂದ ತಿರುಗ್ತಿಲ್ಲ. ಯಾವಾಗ ಸರಿಮಾಡ್ತೀರಿ? ದಿನ ಹೇಳಿ, ಗಂಟೆ ಹೇಳಿ.”

“ಅದು... ನೋಡೋಣಮ್ಮ...”

“ಉತ್ತರ ಸಿಗೋವರೆಗೂ ನಾನು ಇಲ್ಲಿಂದ ಕದಲಲ್ಲ,” ಎಂದು ಡ್ರೈವರು ಬೆಂಚಿನಲ್ಲಿ ಇನ್ನೂ ಹಿಂದಕ್ಕೆ ಸರಿದು ಕೂತ.

“ಗುರುವಾರ,” ಎಂದ ಪ್ರಿನ್ಸಿಪಾಲ, ಕರವಸ್ತ್ರ ಹುಡುಕುತ್ತ. “ಹತ್ತು ಗಂಟೆಗೆ.”

ಹನ್ನೊಂದೂ ಮಂದಿ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲ ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದ. ಒದೆ ಬೀಳುತ್ತದೆ ಅಂದುಕೊಂಡೆ. ಅವನ ಕಣ್ಣು ಮಿನುಗುತ್ತಿತ್ತು.

“ಎರಡು ವರ್ಷದಲ್ಲಿ ಇವಳ ಬಾಯಿಂದ ಒಂದು ಪೂರ್ತಿ ವಾಕ್ಯ ಕೇಳಿರಲಿಲ್ಲ ಕಣೋ! ಕೆಲಸ ಕೊಡ್ತೀನಿ. ಪರ್ಮಿಟ್ಟಿಗೆ ಈಗಲೇ ಸಹಿ ಹಾಕ್ತೀನಿ.”

ನನ್ನ ಎದೆ ಹೂವಾಯಿತು. ಅಕ್ಕ ಬಿಲ್ಡಿಂಗಿನ ಒಂದೊಂದೇ ಬಾಗಿಲು ತಟ್ಟುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಬೋರ್ಡು ಮೆಟ್ಟಿಲೇರಿ ಬಂದ, ಈಗಷ್ಟೇ ಹಾಸಿಗೆಯಿಂದ ಎದ್ದ ಮುಖ. ಪ್ರಿನ್ಸಿಪಾಲ ಅವನ ಹೆಗಲ ಮೇಲೆ ಕೈ ಹಾಕಿ ನನಗೆ ಹೇಳಿದ:

“ಪಾಠ ನೀನು ಬರೆದುಕೊಡು. ಇವನು ನಿಂತು ಹೇಳ್ತಾನೆ. ಜೆರಾಕ್ಸ್ ಮೆಷಿನ್ನಿನ ಹಿಂದೆ ನಿನಗೊಂದು ಕುರ್ಚಿ, ಮೇಜು. ಹಿಂಬಾಗಿಲಿಂದ ಬಂದು ಹೋಗು, ಜನರ ಕಣ್ಣಿಗೆ ಬೀಳ್ಬೇಡ, ಅಷ್ಟೆ. ಏನಂತೀಯ?”

ಬೋರ್ಡು ಪಾಪದವನು. ತೆರೆದ ಬಾಗಿಲಿನಿಂದ ಒಳಗೆ ಬರೆದಿದ್ದನ್ನು ಓದಿ, “ಅಣ್ಣಾ, ಆ ಮೂರನೇದು ಯಾವ ದನೀಲಿ ಹೇಳ್ಬೇಕು?” ಎಂದು ಮೆಲ್ಲಗೆ ಕೇಳಿದ. “ನನ್ನ ಮನೆ ಮಾಲೀಕನೂ ಭಾರೀ ಖದೀಮ.”

ನನ್ನ ನಾಲಿಗೆಯ ತುದಿಯಲ್ಲಿ ಆರು ವರ್ಷದ ಬೈಗುಳ ಸಾಲುಗಟ್ಟಿ ನಿಂತಿತ್ತು. ಯಾವುದನ್ನು ಮೊದಲು ಬಿಡಲಿ? ಒಳಗಿನಿಂದ ದರ್ಜಿ ಹೆಂಗಸು ಕತ್ತು ಚಾಚಿ ನೋಡುತ್ತಿದ್ದಳು. ಈ ಸಲ ಅವಳು ನಗುತ್ತಿರಲಿಲ್ಲ. ಸೀಮೆಸುಣ್ಣವನ್ನು ಪ್ರಿನ್ಸಿಪಾಲನ ಅಂಗೈಯಲ್ಲಿಟ್ಟು ಮೆಟ್ಟಿಲಿಳಿಯತೊಡಗಿದೆ.

ಗತ್ತಿನಿಂದಲೇ ಇಳಿಯುತ್ತಿದ್ದೆ. ಭಾವನ ಬೂಟು ಬಿಡಬೇಕಲ್ಲ! ಟಪ್, ಟಪ್. ನಾಲ್ಕನೇ ಮೆಟ್ಟಿಲಿಗೆ ಎಡಗಾಲಿನದು ಕಳಚಿಕೊಂಡು ನನಗಿಂತ ಮುಂಚೆ ಕೆಳಗೆ ಹೋಗಿ ಆಳೆತ್ತರದ ಫೋಟೋದ ಕಾಲಬುಡದಲ್ಲಿ ಬಿತ್ತು.

“ಏಯ್! ಉತ್ತರ ಕೊಟ್ಟು ಹೋಗೋ!” ಮೇಲಿನಿಂದ ಪ್ರಿನ್ಸಿಪಾಲ ಕೂಗಿದ. “ಉತ್ತರ ಸಿಗೋವರೆಗೂ ನಾನು ಇಲ್ಲಿಂದ ಕದಲಲ್ಲ!”

ವಾಕ್ಯ ಸರಿಯಾಗಿಯೇ ಹೇಳಿದ. ಆದರೆ ಎದುರಿಗಿರುವವನೇ ಕದಲಿಬಿಟ್ಟರೆ ಏನು ಹೇಳಬೇಕೆಂದು ನಾನಿನ್ನೂ ಪಾಠ ಮಾಡಿರಲಿಲ್ಲ.

ಬೂಟನ್ನು ಕೈಗೆತ್ತಿಕೊಂಡು ಬೀದಿಗಿಳಿದೆ.