ಆಮೆಯ ತುತ್ತು

ಬಾಗಿಲು ತೆರೆದರೆ ಸಾಕು, ವೃಷಭಾವತಿಯ ನಾತ ಮೆಟ್ರೋ ಒಳಗೇ ಬಂದು ಕೂರುತ್ತದೆ, ಇದು ರಾಜರಾಜೇಶ್ವರಿ ನಗರ, ಇನ್ನು ನಾಯಂಡಹಳ್ಳಿ, ಮೈಸೂರು ರಸ್ತೆ, ದೀಪಾಂಜಲಿ ನಗರ, ಅತ್ತಿಗುಪ್ಪೆ — ಕೋಕಿಲಾ ಬೆರಳು ಮಡಿಸುತ್ತಾಳೆ, ಆಗಲೇ ಎಣಿಸಿದ್ದನ್ನೇ ಮತ್ತೆ, ಐವತ್ತಾರು ವರ್ಷದ ಬಯಾಲಜಿ ಟೀಚರು, ಶಾಲೆಗೆ ರಜೆ ಹಾಕಿ, ತೊಡೆಯ ಮೇಲೆ ಡಬ್ಬಿ, ಡಬ್ಬಿಯಲ್ಲಿ ಒಂದು ಹಿಡಿ ಅನ್ನ, ಯಾರಾದರೂ ಕೇಳಿದರೆ ಏನನ್ನುವುದು, ಆಮೆಗೆ ಅನ್ನುವುದೇ? ಬೆಳಿಗ್ಗೆ ಅಕ್ಕಿ ತೊಳೆಯುವಾಗ ನೆನಪಾಯಿತು. ಹೋದ ವಾರ ಯಾಕೆ ಆಗಲಿಲ್ಲ, ಮೂಡಲಪಾಳ್ಯದ ಅಪ್ಪನ ಮನೆ ಬಿಲ್ಡರಿಗೆ ಬರೆದುಕೊಡುವಾಗ, ತಮ್ಮ ಸುಧೀಂದ್ರನ ಪಕ್ಕ ಕೂತು ಹೆಬ್ಬೆಟ್ಟು ಒತ್ತಿ, ಅವನು ಕೊಡಿಸಿದ ಬಾದಾಮಿ ಹಾಲು ಕುಡಿದು ಬಂದಳಲ್ಲ, ಆಗ ಹಿತ್ತಲ ಬಾವಿ ಎಲ್ಲಿ ಹೋಗಿತ್ತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹತ್ತಕ್ಕೆ ಬಾವಿ ಮುಚ್ಚುತ್ತಾರೆ, ಈಗ ಒಂಬತ್ತೂ ಮುಕ್ಕಾಲು, ಬೆಳಗಿನಿಂದ ಎಷ್ಟು ಸಲ ಫೋನು, ಸುಧೀ, ಬಾವಿಲಿ ಆಮೆ ಇದೆ ಕಣೋ, ಅಕ್ಕಾ, ಅಮ್ಮ ಹೋಗಿ ಹನ್ನೊಂದು ವರ್ಷ ಆಯ್ತು, ಅವತ್ತಿಂದ ಯಾರೂ ಒಂದು ಅಗುಳು ಹಾಕಿಲ್ಲ, ಅದಿನ್ನೂ ಇರತ್ತಾ, ಗಂಗೆ ಪೂಜೆ ಮುಗೀತು, ಕಲ್ಲುಮಣ್ಣಿನ ಲಾರಿ ಬಂದು ನಿಂತಿದೆ, ನಾನು ಬರೋವರೆಗೂ ಬೇಡ ಕಣೋ, ಸರಿ ಬೇಗ ಬಾ, ಮೇಸ್ತ್ರಿ ಸಿದ್ದೇಶ್ ಗೊಣಗ್ತಾ ಇದಾನೆ. ಇರುತ್ತದೆ, ಹುಳ ಇದೆ, ಪಾಚಿ ಇದೆ, ಆಮೆಗೆ ಎಷ್ಟು ಬೇಕು, ಮಕ್ಕಳಿಗೆ ಅವಳೇ ಪಾಠ ಮಾಡಿಲ್ಲವೇ, ನೂರು ವರ್ಷ ಬದುಕುವ ಪ್ರಾಣಿ ಅಂತ.

ಅಪ್ಪ ಅದನ್ನು ಕೆಂಗೇರಿ ಕೆರೆಯಿಂದ ತಂದದ್ದು, ಒದ್ದೆ ಗೋಣಿಚೀಲದಲ್ಲಿ, ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು, ನೀರು ಶುದ್ಧವಾಗಿಡುತ್ತೆ ಅಂತ, ಆಗ ಅವಳಿಗೆ ಏಳು ವರ್ಷ, ಆಮೆ ಅಂಗೈಯಗಲ. ಅಮ್ಮ ಅನ್ನ ಬಸಿದ ಕೂಡಲೇ ಮೊದಲ ಹಿಡಿ ಅದಕ್ಕೆ, ಕೋಕೀ, ಆಮೆಗೆ ಹಾಕಿ ಬಾರೇ, ಆಮೇಲೆ ನಿಂಗೆ, ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿದರೆ ಮುಖಕ್ಕೆ ತಂಪು, ಪಾಚಿಯ ವಾಸನೆ, ಕಲ್ಲಿನ ಸಂದಿಯಲ್ಲಿ ಜರಿಗಿಡ, ಕೆಳಗೆ ತಟ್ಟೆಯಷ್ಟು ಆಕಾಶ, ಆದರೆ ಆಮೆ ಕಾಣಬೇಕಲ್ಲ, ಬರೀ ಅನ್ನ ಹಾಕಿದರೆ ಯಾವಾಗಲೋ ಬಂದು ತಿನ್ನುತ್ತಿತ್ತು, ಅದಕ್ಕೇ ಅವಳು ಅಭ್ಯಾಸ ಮಾಡಿಸಿದಳು, ಮೊದಲು ಕೊಡವನ್ನು ನೀರಿಗೆ ಧೊಪ್ಪೆಂದು ಬಡಿಯುವುದು, ಆಮೇಲೆ ಅನ್ನ, ಧೊಪ್, ಅನ್ನ, ಒಂದು ತಿಂಗಳು ಬಿಡದೆ — ಆಮೇಲೆ ಸದ್ದಾದರೆ ಸಾಕು, ಆಕಾಶ ಒಡೆದು ಪುಟ್ಟ ತಲೆ ಮೇಲೆ ಬರುತ್ತಿತ್ತು, ಕತ್ತು ಚಾಚಿ, ಬಾಯಿ ತೆರೆದು. ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು, ನನ್ನ ಮಾತು ಕೇಳತ್ತೆ ನೋಡ್ರೇ, ಎಂಥ ಜಂಬ.

ಅತ್ತಿಗುಪ್ಪೆಯಲ್ಲಿ ಇಳಿದು ಆಟೋ ಹತ್ತಿದ್ದಾಯಿತು, ಮೂಡಲಪಾಳ್ಯ, ಬೇಗ ಹೋಗಿ ಅಣ್ಣ, ಬೇಗ ಅಂದ್ರೆ ಹಾರ್ಕೊಂಡು ಹೋಗಕ್ಕಾಗತ್ತಾ ಮೇಡಂ, ಚಂದ್ರಾ ಲೇಔಟಿನ ಹತ್ತಿರ ಎಲ್ಲ ನಿಂತಿದೆ, ಬಸ್ಸು, ನೀರಿನ ಟ್ಯಾಂಕರು, ಆಮೆಯನ್ನು ತೆಗೆದರೂ ಎಲ್ಲಿ ಬಿಡುತ್ತೀ ಕೋಕಿಲಾ, ಕೆಂಗೇರಿ ಕೆರೆಗೆ? ಅದರ ನೀರಿಗೆ ನೀನೇ ಕಾಲಿಡುವುದಿಲ್ಲ, ಇರಲಿ, ಬಚ್ಚಲ ತೊಟ್ಟಿಯಲ್ಲಾದರೂ ಇಟ್ಟುಕೊಳ್ಳುತ್ತೇನೆ, ಮೊದಲು ಸಿಗಲಿ, ಫೋನು, ಅಕ್ಕಾ ಎಲ್ಲಿದೀಯ, ಸಿದ್ದೇಶ್ ಬಾವಿ ಮೇಲಿನ ಜಾಲರಿ ತೆಗೆದು ಟಾರ್ಚ್ ಬಿಟ್ಟು ನೋಡ್ದ, ಏನೂ ಇಲ್ವಂತೆ, ಬರೀ ನೀರು, ಲಾರಿಯವನಿಗೆ ಇನ್ನೊಂದು ಟ್ರಿಪ್ಪಂತೆ, ಸುಧೀ, ಅದು ಹಾಗೆ ಕಾಣಲ್ಲ ಕಣೋ, ಸದ್ದಾಗ್ಬೇಕು, ಕೊಡ ಬಡೀಬೇಕು, ಏನಕ್ಕಾ, ಲಾರಿ ಸದ್ದಲ್ಲಿ ಏನೂ ಕೇಳಿಸ್ತಿಲ್ಲ, ಬೇಡ ಅನ್ನೋ, ನಿಲ್ಸು ಅನ್ನೋ — ಏ ಸಿದ್ದೇಶ್, ಒಂದ್ನಿಮಿಷ ಇರಪ್ಪಾ — ಫೋನಿನೊಳಗೆ ಲಾರಿ ಮೊರೆಯುತ್ತದೆ, ಕಲ್ಲು ಜಾರುವ ಗರಗರ, ಮೊದಲು ಒಂದೇ ಒಂದು, ಯಾವುದೋ ಇಟ್ಟಿಗೆ, ನೀರಿಗೆ — ಧೊಪ್ — ಅದೇ ಸದ್ದು, ಅವಳು ಕಲಿಸಿದ್ದೇ, ಡಬ್ಬಿಯ ಅನ್ನ ಇನ್ನೂ ಬೆಚ್ಚಗಿದೆ, ಬರಬೇಡ, ಬರಬೇಡ ಕಣೇ, ಅದು ಅನ್ನ ಅಲ್ಲ — ಪುಟ್ಟ ತಲೆ, ಕತ್ತು ಚಾಚಿ, ಬಾಯಿ ತೆರೆದು