ಅರೆದಷ್ಟೂ

"ಇನ್ನೂ ಅರೀಬೇಕಮ್ಮ ಸಂಹಿತಾ," ಎಂದರು ಜನಾರ್ದನ ಸರ್, ಕಪ್ಪು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಕಳಮಶ್ಶೇರಿಯ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಇದೇ ಮಂತ್ರ ಕೇಳಿ ನನಗೆ ತಲೆ ಕೆಟ್ಟುಹೋಗಿತ್ತು.

ಅದು ಲಿಥಿಯಂ ಬ್ಯಾಟರಿಯ ಆನೋಡಿಗಾಗಿ ನಾನು ಮಾಡಿದ ಪುಡಿ; ಕಬ್ಬಿಣದ ಆಕ್ಸೈಡ್ ಮತ್ತು ಇಂಗಾಲ. ಚಾರ್ಜ್ ಆಗುವಾಗ ಆಕ್ಸೈಡ್ ಉಬ್ಬುತ್ತದೆ. ಉಬ್ಬಲು ಜಾಗವಿರಲಿ ಎಂದೇ ಅದನ್ನು ತೂತುತೂತಾಗಿ ಮಾಡಿದ್ದೆ. ಮೊದಲ ಬ್ಯಾಟರಿ ಚೆನ್ನಾಗಿ ಬಾಳಿತು, ಆಮೇಲಿನವೆಲ್ಲ ಠುಸ್. ಮೈಮುರಿದು ದುಡಿದರೆ ಎಲ್ಲ ಸರಿಹೋಗುತ್ತದೆಂದು ನಂಬಿದ್ದ, ಮೈಸೂರಿನವರಾದ ಜನಾರ್ದನ ಸರ್, ಕೆಟ್ಟಷ್ಟೂ ಅರೆಸಿದರು. ನಮ್ಮ ಸಂಶೋಧನೆಗೆ ಹಣ ಕೊಡುವ ತಿರುವನಂತಪುರದ ಸಮಿತಿ ಈ ಸಲ ಕೆಲಸ ನಿಲ್ಲಿಸುವುದು ಖಾತ್ರಿಯಿತ್ತು. ನಿಂತರೆ ನನ್ನ ಪಿಎಚ್‌ಡಿಯೂ ಅಲ್ಲಿಗೇ ಮುಗಿಯಿತು.

ಸಮಿತಿಯ ಸಭೆಗೆ ಹೊರಟ ರೈಲಿನಲ್ಲಿ ಸರ್ ಹಾಯಾಗಿ ನಿದ್ದೆ ಹೊಡೆದರು. ನಾನು ಬಾಗಿಲಿಗೂ ಸೀಟಿಗೂ ತಿರುಗಿದ್ದೇ ತಿರುಗಿದ್ದು.

ಸಭೆಗೆ ಮೊದಲು, ಮೊದಲ ಬ್ಯಾಟರಿಯ ಪುಡಿ ಮತ್ತು ಈಗಿನ ಪುಡಿ ಎರಡನ್ನೂ ಅಲ್ಲಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಟ್ಟೆವು. ಅದನ್ನು ನಡೆಸುವ ಫಾತಿಮಾ ನಮ್ಮ ಮಂಜೇಶ್ವರದವಳು.

"ಎಂತ ಮಾಡಿದ್ದು ಮಾರಾಯ್ತಿ ಇದಕ್ಕೆ?" ಎಂದಳು. ಪರದೆಯ ಮೇಲೆ ಮೊದಲ ಪುಡಿಯ ತುಂಬ ತೂತು. ಈಗಿನದು ಬರೀ ಚೂರುಪಾರು.

"ಅರೆದದ್ದು."

"ಮೊದಲಿನದನ್ನೂ?"

"ಇಲ್ಲ. ಆವತ್ತು ಒರಳನ್ನು ಪಕ್ಕದ ಲ್ಯಾಬಿನವರು ಒಯ್ದಿದ್ದರು. ಹಾಗೇ ಜರಡಿ ಹಿಡಿದು ತಾಮ್ರದ ಹಾಳೆಗೆ ಹಚ್ಚಿದ್ದೆ."

ಹೇಳುತ್ತಿದ್ದಂತೆ ಹೊಳೆಯಿತು. ಅಯ್ಯೋ ದೇವರೇ! ಅಷ್ಟು ಕಷ್ಟಪಟ್ಟು ಮಾಡಿದ ತೂತುಗಳನ್ನು ನಾನೇ ಕೂತು ಅರೆದು ಪುಡಿಮಾಡಿದ್ದೆ. ತಟ್ಟನೆ ತಿರುಗಿದೆ. ಸರ್ ಹಿಂದೆಯೇ ನಿಂತಿದ್ದರು.

"ಇನ್ನೂ ಅರೀಬೇಕಾ ಸರ್?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಸಭೆಯಲ್ಲಿ ಅಧ್ಯಕ್ಷರು, ನಿಮ್ಮ ವಸ್ತುವಿನಲ್ಲೇ ದಮ್ಮಿಲ್ಲ ಅನಿಸುತ್ತದೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಸರ್ ಎದ್ದು ನಿಂತರು. "ವಸ್ತು ಚೆನ್ನಾಗಿದೆ. ನಾನು ಅರೆಸಿ ಅರೆಸಿ ಹಾಳುಮಾಡಿದೆ. ಈ ಹುಡುಗಿಯದೇನೂ ತಪ್ಪಿಲ್ಲ," ಎಂದು ಎರಡೂ ಚಿತ್ರಗಳನ್ನು ಅವರ ಮುಂದಿಟ್ಟರು. ಅಷ್ಟು ಜನರೆದುರು ಅವರ ಕಿವಿ ಕೆಂಪಾಗಿತ್ತು. ಸಮಿತಿ ಇನ್ನೊಂದು ವರ್ಷ ಕೊಟ್ಟಿತು.

ಹೊರಗೆ ಮೆಟ್ಟಿಲಿಳಿಯುವಾಗ ಸರ್ ನನ್ನ ಮುಖ ನೋಡದೆ ಕೇಳಿದರು, "ಕೈ ನೋಯ್ತಿತ್ತೇನಮ್ಮ?"

ಬಯ್ಯಲು ಎಷ್ಟೊಂದು ಮಾತು ಕೂಡಿಟ್ಟುಕೊಂಡಿದ್ದೆ! "ತುಂಬಾ ಸರ್," ಎಂದವಳೇ ಅಲ್ಲೇ ನಿಂತು ಅತ್ತುಬಿಟ್ಟೆ.